ಕಾಶ್ಮೀರದ ಹಿಮ, ಮತ್ತೋಡಿನ ಕಂಬಳಿ

ನಮ್ಮ ಸೋದರಮಾವ ಬಸ್ಸು ಹತ್ತುವ ಮುಂಚೆ ಡ್ರೈವರನ್ನು ಕೇಳುತ್ತಿದ್ದ: "ನಿಮಗೆ ದಾರಿ ಗೊತ್ತೈತೇನ್ರಿ?"

ಆ ಡ್ರೈವರು ಮತ್ತೋಡಿಗೂ ಹೊಸದುರ್ಗಕ್ಕೂ ಓಡಾಡಿ ಓಡಾಡಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಪಾಪ, "ಗೊತ್ತು ಯಜಮಾನ್ರೇ, ಹತ್ರಿ" ಅನ್ನುತ್ತಿದ್ದ. ಅಷ್ಟಕ್ಕೇ ಹತ್ತಿಬಿಟ್ಟರೆ ಅವನು ನಮ್ಮ ಮಾವ ಹೇಗಾದಾನು! ಹಿಂದಿನ ಬಾಗಿಲಿಗೆ ಹೋಗಿ ಕಂಡಕ್ಟರನ್ನು ಬೇರೆಯಾಗಿ ವಿಚಾರಿಸುತ್ತಿದ್ದ. ಇಬ್ಬರ ಮಾತೂ ತಾಳೆಯಾದರೆ ಮಾತ್ರ ಹತ್ತುವುದು. ಹತ್ತಿದ ಮೇಲೂ ಕಿಟಕಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಹೊಸದುರ್ಗ ಏನಾದರೂ ಜಾಗ ಬದಲಾಯಿಸಿದ್ದರೆ?

ಪಂಚಾಯ್ತಿ ಕಟ್ಟೆಯ ರೇಡಿಯೋದಲ್ಲಿ "ಅಲ್ಲಲ್ಲಿ ಚದುರಿದಂತೆ ಮಳೆಯಾಗಬಹುದು" ಅಂದರೆ ಮಾವ ನಗುತ್ತಿದ್ದ. "ಎಲ್ಲಿ ಅಂತ ಬಾಯಿ ಬಿಡ್ತಾನೇನು ನೋಡು! ಹೇಳಿದ್ರೆ ಸಿಕ್ಕಾಕ್ಕಂತಾನೆ." ತೆಂಗಿನಕಾಯಿ ಕೊಂಡರೆ ಅಲ್ಲಾಡಿಸಿ ನೋಡುವುದು ಎಲ್ಲರೂ ಮಾಡುವುದೇ. ನಮ್ಮ ಮಾವ ಮಾತ್ರ ಕಾಯಿ ಅಲ್ಲಾಡಿಸುವಾಗ ಅಂಗಡಿಯವನ ಮುಖ ನೋಡುತ್ತಿದ್ದ!

ಇದಕ್ಕೆ ಅವನದೇ ಒಂದು ಕಾರಣವಿತ್ತು. "ಕುರಿ ಕಾಯೋನು ಯಾವತ್ತು ನಂಬ್ತಾನೋ ಅವತ್ತೇ ತೋಳ ಬರಾದು ಕಣವ್ವ." ಕುರಿಯ ವಿಷಯದಲ್ಲಿ ಅವನಿಗೆ ಎದುರಿಲ್ಲ, ಅದನ್ನು ಒಪ್ಪಲೇಬೇಕು. ಧೂಳಿನಲ್ಲಿ ಮೂಡಿದ ಹೆಜ್ಜೆ ನೋಡಿ, ಮಂದೆಯಲ್ಲಿ ಯಾವ ಕುರಿ ಯಾವ ಕಾಲು ಎಳೆಯುತ್ತಿದೆ ಅಂತ ಹೇಳುತ್ತಿದ್ದ. ಆದರೆ ತೋಳಕ್ಕೆ ಇಟ್ಟ ಕಣ್ಣನ್ನೇ ತರಕಾರಿಯವಳ ಮೇಲೂ ಪೋಸ್ಟ್ ಮಾಸ್ತರರ ಮೇಲೂ ಇಟ್ಟರೆ ಹೇಗೆ?

ಅವನ ಹೆಗಲ ಮೇಲೆ ಸದಾ ಒಂದು ಕರೀ ಕಂಬಳಿ. ನಮ್ಮಲ್ಲಿ ಮದುವೆಗೆ ಕಂಬಳಿ ಗದ್ದುಗೆ ಹಾಸುತ್ತಾರೆ, ಮದುಮಕ್ಕಳು ಕೂರುವುದು ಅದರ ಮೇಲೆ. ನ್ಯಾಯ ಹೇಳುವಾಗಲೂ ಅದನ್ನೇ ಹಾಸುತ್ತಾರೆ. ಅದರ ಮೇಲೆ ಕೂತು ಸುಳ್ಳಾಡಿದವರ ವಂಶ ಏಳಿಗೆ ಕಾಣುವುದಿಲ್ಲ ಎಂಬುದು ಹಿರಿಯರಿಂದ ಬಂದ ಮಾತು. ಹಿರಿಯರು ವರ್ಷಕ್ಕೆ ಒಂದೆರಡು ಸಲ ಹಾಸುತ್ತಿದ್ದರೇನೋ, ನಮ್ಮ ಮಾವ ದಿನಕ್ಕೆ ನಾಲ್ಕು ಸಲ! ಬದನೆಕಾಯಿಯವಳು "ಇವತ್ತೇ ಕಿತ್ತಿದ್ದು" ಅಂದರೆ ಸಾಕು, ಕಂಬಳಿ ಕೆಳಗಿಳಿಯುತ್ತಿತ್ತು. "ಕುಂತ್ಕಂಡು ಹೇಳವ್ವ." ಅವಳು ಬುಟ್ಟಿ ಹೊತ್ತು ಬೇರೆ ಬೀದಿಗೆ ಹೋಗುತ್ತಿದ್ದಳು.

ಇಂಥವನ ಒಬ್ಬನೇ ಮಗನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಹುಡುಗ ಮಿಲಿಟರಿ ಸೇರಿ ಕಾಶ್ಮೀರದ ಯಾವುದೋ ಗುಡ್ಡದ ತುದಿಯಲ್ಲಿದ್ದ. ಎಪ್ಪತ್ತರ ದಶಕದ ಒಂದು ವೈಶಾಖದಲ್ಲಿ ನಮ್ಮ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಹಂಚಿದ್ದೂ ಆಯಿತು. ಇನ್ನು ಹತ್ತು ದಿನ ಇದೆ ಅನ್ನುವಾಗ ಒಂದು ಇನ್‌ಲ್ಯಾಂಡ್ ಲೆಟರ್ ಬಂತು.

ಮಾವನಿಗೆ ಓದು ಬರದು. ನನ್ನನ್ನು ಕಂಬಳಿ ಮೇಲೆ ಕೂರಿಸಿ ಓದಿಸಿದ. "ಇಲ್ಲಿ ಯಾರೂ ಎಣಿಸದ ಕಾಲದಲ್ಲಿ ಭಾರೀ ಹಿಮ ಬಿದ್ದಿದೆ. ದಾರಿ ಮುಚ್ಚಿದೆ. ರಜೆ ರದ್ದಾಗಿದೆ. ಮದುವೆ ಮುಂದಕ್ಕೆ ಹಾಕಿ. ನಾನು ಕ್ಷೇಮ. ಊಟ ಚೆನ್ನಾಗಿದೆ."

ಮಾವ ಕಂಬಳಿ ಮಡಚಿ, ಕಾಗದ ಇಸಕೊಂಡು, ನೆಟ್ಟಗೆ ಪೋಸ್ಟಾಫೀಸಿಗೆ ಹೋದ. ಅಲ್ಲಿ ಪೋಸ್ಟ್ ಮಾಸ್ತರರ ಕುರ್ಚಿಯ ಮೇಲೆ ಕಂಬಳಿ ಹಾಸಿ, ಅವರನ್ನು ಕೂರಿಸಿ ಎರಡನೇ ಸಲ ಓದಿಸಿದ. ಬಂದವನೇ ಬಾಗಿಲಲ್ಲಿ ನಿಂತು ಗುಡುಗಿದ: "ಲೇ ಹುಡುಗಿ, ಒಂದು ಸಾಲು ನುಂಗಿದೀಯ!"

ನುಂಗಿದ್ದೆ. ಕೊನೆಯಲ್ಲಿ "ಅವಳಿಗೆ ಕಾಯಲು ಹೇಳಿ" ಅಂತಿತ್ತು. ಅಪ್ಪ, ಅಮ್ಮ, ಮಾವ ಎಲ್ಲರ ಮುಂದೆ ಅದನ್ನು ನಾನು ಬಾಯಿಬಿಟ್ಟು ಓದಲೇ?

"ಸುಳ್ಳು ಹೇಳ್ಲಿಲ್ಲ ಮಾವ, ಬಿಟ್ಟೆ ಅಷ್ಟೆ."

"ಹೇಳಿದ್ ಸುಳ್ಳು ಹಿಡಿಯಾದು ಸುಲಭ ಕಣವ್ವ. ಬಿಟ್ಟಿದ್ದನ್ನ ಹಿಡಿಯಾದೇ ಕಷ್ಟ." ಹೀಗೆಂದು ಕಾಗದವನ್ನು ತಿರುಗಾಮುರುಗಾ ನೋಡಿದ. "ಇವ್ನೂ ಏನೋ ಬಿಟ್ಟವ್ನೆ."

ಇನ್ನು ನಾಲ್ಕು ಊರಿನ ನೆಂಟರಿಗೂ ವಾಲಗದವರಿಗೂ ಮದುವೆ ನಿಂತ ಸುದ್ದಿ ಮುಟ್ಟಿಸಬೇಕಲ್ಲ. ಮಾವ ಹೊರಟ, ಸಾಕ್ಷಿಗೆ ನಮ್ಮಪ್ಪನನ್ನೂ ಎಳೆದುಕೊಂಡ. ಕಾಶ್ಮೀರದಲ್ಲಿ ಬಿದ್ದ ಹಿಮವನ್ನು ನಮ್ಮ ಊರುಗಳು ಹೇಗೆ ಎದುರಿಸಿದವು ಅಂತ ಅಪ್ಪ ತಿರುಗಿ ಬಂದು ಹೇಳಿದ್ದು ನನಗೆ ಇನ್ನೂ ಬಾಯಿಪಾಠ.

ಹೊಸದುರ್ಗದಲ್ಲಿ ವಾಲಗದವರು ಶ್ರುತಿಪೆಟ್ಟಿಗೆ ಒರೆಸುತ್ತಾ ಕೂತಿದ್ದರು. "ಹಿಮ ಬಿದ್ದಿರಾದು ಗಂಡಿನ ಕಡೆ ತಾನೆ ಯಜಮಾನ್ರೇ? ಹೆಣ್ಣಿನ ಕಡೆ ಊದಕ್ಕೆ ಏನು ಅಡ್ಡಿ? ಅರ್ಧ ಊದಿ ಹೋಗ್ತೀವಿ" ಅಂದರು.

ಹಿರಿಯೂರಿನ ನೆಂಟರಿಗೆ ಹಿಮ ಒಂದು ಕಷ್ಟ ಅಂತಲೇ ಅನ್ನಿಸಲಿಲ್ಲ. ಅಲ್ಲಿನ ಬಿಸಿಲು ಕಂಡವರಿಗೆ ಅದು ತಿಳಿದೀತು! "ಬಿಸ್ಲು ಬಂದ್ರೆ ಮಧ್ಯಾಹ್ನಕ್ಕೆಲ್ಲ ಕರಗುತ್ತೆ. ಮದುವೆ ಯಾಕ್ರಿ ನಿಲ್ಲಿಸ್ತೀರಿ, ಹಪ್ಳ ಒಣಹಾಕ್ರಿ" ಅಂದರಂತೆ. ಮಾವನಿಗೆ ಸಮಾಧಾನವಿಲ್ಲ. ಹೆದ್ದಾರಿಯ ಲಾರಿ ಹೋಟೆಲಿನಲ್ಲಿ ಉತ್ತರದ ಕಡೆಯ ಸರ್ದಾರ್ಜಿ ಡ್ರೈವರೊಬ್ಬ ಚಹಾ ಕುಡಿಯುತ್ತಿದ್ದ. ಅವನ ಮುಂದೆ ಕಂಬಳಿ ಬಿತ್ತು! ಭಾಷೆ ಬಾರದ ಆ ಪುಣ್ಯಾತ್ಮ, ಇವರೇನೋ ಮರ್ಯಾದೆ ಮಾಡುತ್ತಿದ್ದಾರೆಂದು ಬೂಟು ಬಿಚ್ಚಿ ಅದರ ಮೇಲೆ ಕೂತ. ಹಿಮ ಎಷ್ಟು ಬೀಳುತ್ತದೆ ಅಂತ ಕೈಸನ್ನೆಯಲ್ಲಿ ಕೇಳಿದ್ದಕ್ಕೆ ಮೊದಲು ಮೊಣಕಾಲು ತೋರಿಸಿದ, ಆಮೇಲೆ ಸೊಂಟ, ಆಮೇಲೆ ಎದೆ. ಕೊನೆಗೆ ತನ್ನ ಕಾಲ್ಬೆರಳು ಹಿಡಿದುಕೊಂಡು ತಲೆ ಅಲ್ಲಾಡಿಸಿದ.

"ಕೊನೆಗೆ ಬೆರಳು ಯಾಕೆ ತೋರಿಸಿದ?" ಅಂತ ಚಿತ್ರದುರ್ಗದವರೆಗೂ ಮಾವ ಅಪ್ಪನ ತಲೆ ತಿಂದ.

ಚಿತ್ರದುರ್ಗದ ನೆಂಟರು ಕೋರ್ಟಿನ ಹಿಂದಿನ ಬೀದಿಯವರು. ಅವರ ಮಾತೇ ಬೇರೆ. "ಹಿಮ ಬಿದ್ದಿದ್ದಕ್ಕೆ ಸರ್ಟಿಫಿಕೇಟ್ ಐತಾ? ಮೊಹರು ಹಾಕಿಸಿ ತರಿಸ್ರಿ. ಬಾಯಿಮಾತಿನ ಹಿಮ ನಡೆಯಲ್ಲ." ಜನ್ಮದಲ್ಲಿ ಮೊದಲ ಸಲ ಮಾವನಿಗೆ ತನಗಿಂತ ದೊಡ್ಡ ಅನುಮಾನದವರು ಸಿಕ್ಕಿದ್ದರು. ಗೌರವದಿಂದ ಎರಡು ಲೋಟ ಕಾಫಿ ಕುಡಿದನಂತೆ!

ಹೊಳಲ್ಕೆರೆಯವರು ಮಾತ್ರ ಹಿಮವನ್ನು ಕೈಯಲ್ಲೇ ಗುಡಿಸಿ ಹಾಕಿಬಿಟ್ಟರು. "ಅಯ್ಯೋ, ಬಿಡ್ರಿ ಆ ಮಿಲಿಟರಿಯೋನ್ನ. ಅಲ್ಲೇ ಯಾರನ್ನೋ ಕಟ್ಕಂಡಿರ್ತಾನೆ. ನಮ್ಮ ರಾಮಗಿರಿ ಸ್ಟೇಷನ್ನಲ್ಲಿ ಒಬ್ಬ ಹುಡುಗ ಅವ್ನೆ, ರೈಲ್ವೆ ಕೆಲಸ. ರಾಮಗಿರೀಲಿ ಎಂಥ ಹಿಮ?"

ನಮ್ಮಪ್ಪ ಆ ಮಾತನ್ನು ಗಂಟು ಕಟ್ಟಿಕೊಂಡು ಬಂದ. "ಶ್ರಾವಣ ಮುಗಿಯೋ ತನಕ ನೋಡ್ತೀನಿ ಬಾವ," ಅಂದ. "ಅಷ್ಟರೊಳಗೆ ನಿಮ್ಮ ಮಗ ಬರದಿದ್ರೆ ರಾಮಗಿರಿಗೆ ಹೇಳಿ ಕಳಿಸ್ತೀನಿ."

ಮಾವ ನನ್ನ ಕಡೆ ನೋಡಿದ. ನಾನು ಒಳಗೆ ಹೋಗಿ ಸುಮ್ಮನೆ ಒಲೆ ಊದಿದೆ. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

ಅದೇ ತಿಂಗಳ ಕೊನೆಗೆ ನಮ್ಮೂರಲ್ಲಿ ಆಲಿಕಲ್ಲು ಮಳೆ. ನಿಂಬೆಹಣ್ಣಿನಂಥ ಕಲ್ಲುಗಳು! ಅರ್ಧ ಗಂಟೆಯಲ್ಲಿ ಅಂಗಳವೆಲ್ಲ ಉಪ್ಪು ಸುರಿದ ಹಾಗೆ ಬೆಳ್ಳಗಾಯಿತು. ಊರಿನವರೆಲ್ಲ ಒಳಗೆ ಓಡಿದರೆ ನಮ್ಮ ಮಾವ ಹೊರಗೆ ಓಡಿದ. ಸೂರಿನ ಕೆಳಗೆ ಗುಡ್ಡೆಬಿದ್ದ ಆಲಿಕಲ್ಲಿನಲ್ಲಿ ಎರಡೂ ಕಾಲು ಹೂತುಕೊಂಡು, ತಲೆ ಮೇಲೆ ಕಂಬಳಿ ಗೊಪ್ಪೆ ಹಾಕಿಕೊಂಡು ಕಂಬದ ಹಾಗೆ ನಿಂತ.

"ಮಾವ, ಒಳಗೆ ಬಾ! ಏನು ಮಾಡ್ತಿದೀಯ?"

"ಸುಮ್ಕಿರು. ನೋಡ್ತಾ ಇವ್ನಿ."

ಸ್ವಲ್ಪ ಹೊತ್ತಿಗೆ ಕುಂಟುತ್ತಾ ಒಳಗೆ ಬಂದು ಗೋಡೆಗೊರಗಿ ಕೂತ. ಕಾಲ್ಬೆರಳುಗಳನ್ನು ಒಂದೊಂದಾಗಿ ಹಿಂಡಿ ನೋಡಿಕೊಂಡ. "ಅವ್ವಾ, ಬೆರಳು ಐತೆ. ಆದ್ರೆ ಐತೆ ಅಂತ ಗೊತ್ತಾಗ್ತಾ ಇಲ್ಲ." ಆಮೇಲೆ ಮೆಲ್ಲಗೆ ಕೇಳಿದ: "ಅವ್ನ ಹಳೇ ಕಾಗದದಲ್ಲೆಲ್ಲ ಏನಿರ್ತಿತ್ತು?"

"ಬೂಟು ಕಚ್ಚುತ್ತೆ, ಬೂಟು ಕಚ್ಚುತ್ತೆ ಅಂತ ಬರೀತಿದ್ರು, ಪ್ರತಿ ಸಲ."

"ಈ ಸಲ ಬೂಟಿನ ಸುದ್ದಿ ಎಲ್ಲಿ?"

ಊರೆಲ್ಲ ಇದನ್ನೂ ಆಡಿಕೊಂಡು ನಕ್ಕಿತು. ಕಾಗದದಲ್ಲಿ ಇರೋದನ್ನ ಬಿಟ್ಟು ಇಲ್ಲದ್ದನ್ನ ಓದ್ತಾನೆ ಮುದುಕ, ಅಂತ.

ಶ್ರಾವಣ ಹುಟ್ಟಿದ ಮೂರನೇ ದಿನ ಅವರು ಬಂದರು. ಬಸ್ಸಿಳಿದು, ಟ್ರಂಕು ಹೊತ್ತು, ನೆಟ್ಟಗೆ ನಡೆದು ಬಂದರು. ನೆಟ್ಟಗೆ ಅಂದರೆ ಬಹಳ ನೆಟ್ಟಗೆ. ಮಾವ ಕಟ್ಟೆಯ ಮೇಲಿಂದ ಏಳಲಿಲ್ಲ, ಬರಿ ನೋಡಿದ. ಮರುದಿನ ಬೆಳಿಗ್ಗೆ ಮಗ ಸ್ನಾನ ಮುಗಿಸಿ ಬಚ್ಚಲಿನಿಂದ ಒಳಗೆ ಹೋದ ಮೇಲೆ, ಕಡಪಾ ಕಲ್ಲಿನ ಮೇಲೆ ಒದ್ದೆ ಹೆಜ್ಜೆ ಆರುವ ಮುಂಚೆ, ಮಾವ ಅಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದನಂತೆ. ಎಡಗಾಲಿನ ಹೆಜ್ಜೆಯಲ್ಲಿ ಮೂರೇ ಬೆರಳು.

ಅಲ್ಲಿಂದ ನೇರ ನನ್ನ ಹತ್ತಿರ ಬಂದ. ಹಿತ್ತಲಲ್ಲಿ ಕಂಬಳಿ ಹಾಸಿದ. ನಾನು ಕೂರಲು ಹೋದರೆ, "ನೀನಲ್ಲ, ಇವತ್ತು ನಾನು" ಅಂತ ತಾನೇ ಕೂತ.

"ಎರಡು ಬೆರಳು ಹಿಮಕ್ಕೆ ಹೋಗವೆ ಕಣವ್ವ. ಅಂಗ ಊನ ಆದ ಮದುಮಗ ಅಂದ್ರೆ ಹೊಳಲ್ಕೆರೆಯೋರು ಚಪ್ಪರದಲ್ಲೇ ಅಪಶಕುನ ಅಂತಾರೆ. ನಿಮ್ಮಪ್ಪ ಎದ್ದು ಹೋದ್ರೂ ಹೋದ. ನಾನು ಬಾಯಿ ಬಿಟ್ಟಿಲ್ಲ. ಆದ್ರೆ ನಿನಗೆ ಮುಚ್ಚಿಡಕಾಗಲ್ಲ. ಬ್ಯಾಡ ಅಂದ್ರೆ ಈಗ್ಲೇ ಹೇಳು, ನಾನೇ ನಿಲ್ಲಿಸ್ತೀನಿ."

"ಮಾವ, ಕಾಯಕ್ಕೆ ಹೇಳಿದ್ರು, ಕಾಯ್ದೆ. ಬೆರಳು ಎಣಿಸಕ್ಕೆ ಹೇಳಿರ್ಲಿಲ್ಲ," ಅಂದೆ. "ಅಪ್ಪನಿಗೆ ಮದುವೆ ಆದ ಮೇಲೆ ನಾನೇ ಹೇಳ್ತೀನಿ."

ಮಾವ ನನ್ನ ಮುಖವನ್ನು, ತೆಂಗಿನಕಾಯಿ ಅಂಗಡಿಯವನ ಮುಖ ನೋಡಿದ ಹಾಗೆ, ಬಹಳ ಹೊತ್ತು ನೋಡಿದ. "ಕಂಬಳಿ ಮೇಲೆ ಕುಂತು ಹೇಳು" ಅನ್ನುತ್ತಾನೇನೋ ಅಂದುಕೊಂಡೆ. ಅನ್ನಲಿಲ್ಲ.

ಮದುವೆಯ ದಿನ ನಾಲ್ಕೂ ಊರು ಬಂದು ಚಪ್ಪರದಲ್ಲಿ ಕೂತಿತ್ತು. ವಾಲಗದವರು ಈ ಸಲ ಪೂರ್ತಿ ಊದಿದರು. ಕಂಬಳಿ ಗದ್ದುಗೆಯ ಮೇಲೆ ನಾವಿಬ್ಬರು, ಅದರದೇ ಅಂಚಿನ ಮೇಲೆ ಮಾವ. ಮದುಮಗನ ಕಾಲು ತೊಳೆಯುವ ಹೊತ್ತು ಬಂತು. ಅಪ್ಪ ಚೆಂಬು ಹಿಡಿದು ಮುಂದೆ ಕೂತ. "ಕಾಲುಚೀಲ ಬಿಚ್ಚಪ್ಪ ಮಿಲಿಟರಿ!" ಅಂತ ಹೊಳಲ್ಕೆರೆ ಕಡೆಯಿಂದ ಕೂಗು ಬಂತು. ನನ್ನ ಪಕ್ಕದಲ್ಲಿ ಅವರು ಎಡಗಾಲನ್ನು ಪಂಚೆಯೊಳಗೆ ಎಳೆದುಕೊಂಡರು.

ಮಾವ ಮುಂದೆ ಬಗ್ಗಿ ತಾನೇ ಕಾಲುಚೀಲ ಎಳೆದ. ಎಳೆದ ಕೈಯನ್ನು ಹಾಗೇ ಎಡಗಾಲಿನ ಮೇಲೆ ಮುಚ್ಚಿಬಿಟ್ಟ.

"ಕೈ ತಗೀರಿ ಬಾವ, ತೊಳೀಬೇಕು," ಅಂದ ಅಪ್ಪ.

"ತಡಿಯಪ್ಪ. ಇದು ಬಾವಿ ನೀರೋ, ಹಳ್ಳದ ನೀರೋ? ನಂಗೇನೋ ಅನುಮಾನ. ನೀನು ಹುಯ್ಯಿ, ನಾನೇ ಉಜ್ಜಿ ನೋಡ್ತೀನಿ."

ಚಪ್ಪರವೆಲ್ಲ ಗೊಳ್ಳೆಂದಿತು. "ಮಗನ ಮದುವೇಲೂ ನೀರಿನ ಮೇಲೆ ಅನುಮಾನ! ಕಂಬಳಿ ಹಾಸಿ ಕೇಳು ಯಜಮಾನ, ನೀರು ನಿಜ ಹೇಳ್ತೈತೆ!" ಅಂದರು ಚಿತ್ರದುರ್ಗದವರು. ಹಿರಿಯೂರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಗುತ್ತಾ ನೀರು ಹೊಯ್ದ. ಆ ನಗುವಿನಲ್ಲಿ ಒಬ್ಬರೂ ಕಾಲಿನ ಕಡೆ ನೋಡಲಿಲ್ಲ, ಎಲ್ಲರ ಕಣ್ಣೂ ಆ ಅನುಮಾನದ ಮುದುಕನ ಮುಖದ ಮೇಲೆ. ಅವನ ಬೊಗಸೆಯೊಳಗೆ ಮಗನ ಪಾದ ನೆನೆಯುತ್ತಿತ್ತು.

ನಾನು ಮದುಮಗಳು, ತಲೆ ಬಗ್ಗಿಸಿ ಕೂತವಳು. ಹಾಗಾಗಿ ಬೇರೆ ಯಾರಿಗೂ ಕಾಣದ್ದು ನನಗೆ ಕಂಡಿತು. ನೀರಿನ ಮಾತು ಬಾಯಿಗೆ ಬರುವ ಮುಂಚೆ ಮಾವ, ಯಾರಿಗೂ ತಿಳಿಯದ ಹಾಗೆ, ಒಂದೊಂದೇ ಮೊಣಕಾಲು ಸರಿಸಿ, ಕಂಬಳಿಯಿಂದ ಬರೀ ನೆಲಕ್ಕೆ ಇಳಿದು ಕೂತಿದ್ದ.