ಟೆಲಿಫೋನಿಗೆ ಎಡಗಿವಿ ಕೊಡುವ ಕುರಿತು

ಇಲಾಖೆಯ ಕಚೇರಿ, ಕನ್ನಡ ಶಾಖೆ, ಪುಣೆ
ಸುತ್ತೋಲೆ ಸಂಖ್ಯೆ: ಕಿವಿ/೭/೧೯೩೪
ದಿನಾಂಕ: ೧೬ ಜುಲೈ ೧೯೩೪

ವಿಷಯ: ಟೆಲಿಫೋನು ಎತ್ತುವಾಗ ನೌಕರರ ರುಮಾಲು ಇರಬೇಕಾದ ರೀತಿ.
ಉಲ್ಲೇಖ: ಯಾರೂ ಸಾಯದೆ ೨ನೇ ತಾರೀಖಿಗೆ ಆದ ಗದ್ದಲ.

ಸದರಿ ದಿನ ಕಚೇರಿಗೆ ಟೆಲಿಫೋನು ಬಂದಿತು. ಮೂವತ್ತೊಂದು ವರ್ಷ ಸೇವೆಯ ಹಿರಿಯ ಕಾರಕೂನ ಈರಬಸಪ್ಪನವರ ರುಮಾಲು ಎರಡೂ ಕಿವಿ ಮುಚ್ಚುವಂಥದು. ಗಂಟೆ ಬಾರಿಸಿದೊಡನೆ ಅವರು ಬೇರೆ ದಾರಿ ಕಾಣದೆ ರುಮಾಲು ತೆಗೆದು ಮೇಜಿನ ಮೇಲಿಟ್ಟು ಕಿವಿಗೊಟ್ಟರು. ಬರಿದಲೆ ಎಂದರೆ ಮನೆಯಲ್ಲಿ ಸಾವು ಎಂದೇ ರೂಢಿಯಾದ್ದರಿಂದ ಸಿಬ್ಬಂದಿಯೆಲ್ಲ ತಂತಮ್ಮ ರುಮಾಲು ತೆಗೆದರು. ಕಾರಕೂನ ಮಧುಕರ ಅವರು ನಾಲ್ವರನ್ನು ಕೂಡಿಕೊಂಡು, ಹೆಣ ಹೊರಲು ಬಿದಿರು ಹಿಡಿದು, ಈರಬಸಪ್ಪನವರ ಮನೆಗೆ ಹೋದರು. ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಪತ್ನಿ ಬಸವಣ್ಣೆವ್ವನವರು, “ಯಾರು ಸತ್ತಾರ್ರಿ? ನಾ ಅಂತೂ ಅಲ್ಲ” ಎಂದುದು ದಾಖಲಾಗಿದೆ.

ಅಂದಿನಿಂದ ಈರಬಸಪ್ಪನವರು ಫೋನು ಮುಟ್ಟಲಿಲ್ಲ. ೧೪ರೊಳಗೆ ಎತ್ತದವರನ್ನು ಫೋನಿಲ್ಲದ ಸಾಸವಡ ಶಾಖೆಗೆ ವರ್ಗ ಮಾಡಬೇಕೆಂದು ಕಚೇರಿಯ ಸಾಹೇಬರ ಆಜ್ಞೆಯಿತ್ತು. ಮನೆಯಲ್ಲಿ ತಿಳಿಸಿದಾಗ ಬಸವಣ್ಣೆವ್ವನವರು, “ನೀವೊಬ್ಬರ ಹೋಗ್ರಿ. ನಾ ಈ ಓಣಿ ಬಿಟ್ಟು ಬರಂಗಿಲ್ಲ” ಎಂದರೆಂದೂ, ಮರುದಿನ ಕಚೇರಿಯಲ್ಲಿ ಈರಬಸಪ್ಪನವರು ಬುತ್ತಿ ಬಿಚ್ಚಲಿಲ್ಲವೆಂದೂ ತಿಳಿದುಬಂದಿದೆ.

ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

೧. ರುಮಾಲನ್ನು ಎಡಗಿವಿ ಹೊರಬರುವಷ್ಟು ಓರೆಯಾಗಿ ಸುತ್ತತಕ್ಕದ್ದು. ಬಲಗಿವಿ ಮೊದಲಿನಂತೆ ಮರ್ಯಾದೆಯಲ್ಲಿರತಕ್ಕದ್ದು.

೨. ಸಾಹೇಬರ ಧ್ವನಿ ಬಂದಲ್ಲಿ ಎದ್ದು ನಿಲ್ಲಬಹುದು. ಎರಡೂ ಕೈ ಜೋಡಿಸಕೂಡದು, ಫೋನು ಬೀಳುತ್ತದೆ. ಎರಡು ಸಲ ಬಿದ್ದಿದೆ.

೩. ಬರಿದಲೆ ಕಂಡಲ್ಲಿ, ಅಳುವ ಮೊದಲು ಲಿಖಿತ ವಿಚಾರಣೆ ಮಾಡತಕ್ಕದ್ದು. ಸಾವು ನಿಜವೆಂದು ಕಾಗದದ ಮೇಲೆ ಶೆರಾ ಬಿದ್ದ ಮೇಲೆ ಅಳಬಹುದು.

೪. ಬಿದಿರನ್ನು ಅನುಮತಿಯಿಲ್ಲದೆ ಒಯ್ಯಬಾರದು. ಅಂದು ಒಯ್ದದ್ದು ಸಾಹೇಬರ ಕಿಟಕಿಯ ಪರದೆಯದು.

೫. ಓರೆ ರುಮಾಲಿನ ಸಂಕೋಚ ಒಬ್ಬರಿಗೇ ಬರಬಾರದೆಂದು, ಶಾಖೆಯ ಎಲ್ಲರೂ, ಫೋನಿನ ಹತ್ತಿರ ಸುಳಿಯದ ಜವಾನ ಫಕೀರಪ್ಪನೂ ಸಹ, ಹಾಗೆಯೇ ಸುತ್ತತಕ್ಕದ್ದು. ಸಾಹೇಬರ ಟೊಪ್ಪಿಗೆಯ ಪ್ರಶ್ನೆ ಪರಿಶೀಲನೆಯಲ್ಲಿದೆ.

೬. ಮೇಲ್ಕಂಡ ಸುತ್ತು ಈರಬಸಪ್ಪನವರೇ ಹನ್ನೆರಡು ದಿನ ಕನ್ನಡಿಯ ಮುಂದೆ ಸುತ್ತಿ ಬಿಚ್ಚಿ ಕಂಡುಕೊಂಡದ್ದು. ೧೪ರಂದು, ಗಡುವಿಗೆ ಅರ್ಧ ತಾಸು ಉಳಿದಿರಲು, ಅವರು ಫೋನು ಎತ್ತಿ, “ಹೇಳ್ರಿ ಸಾಹೇಬ್ರ, ಛಲೋ ಕೇಳಸ್ತದ” ಎಂದರು. ವರ್ಗ ರದ್ದಾಗಿದೆ.

(ಸಹಿ)
ಬಿಂದುಮಾಧವ
ಶಾಖೆಯ ಮುಖ್ಯಸ್ಥ

ಪ್ರತಿಗಳು:
೧. ಫೋನಿನ ಪಕ್ಕದ ಗೋಡೆ: ಅಂಟಿಸಲು.
೨. ಸಾಸವಡ ಶಾಖೆ: ಬರುವವರಿಲ್ಲವೆಂದು ತಿಳಿಯಲು.
೩. ಬಸವಣ್ಣೆವ್ವನವರು: ಸಾಸವಡಕ್ಕೆಂದು ಕಟ್ಟಿಟ್ಟ ಗಂಟುಗಳನ್ನು, ತಮ್ಮದೂ ಸೇರಿ ಎರಡನ್ನೂ, ಬಿಚ್ಚಲು.