ಸದ್ದಿಲ್ಲದ ಕೋಣೆ

ಕೊಳ್ಳೇಗಾಲದ ಆ ನೇಕಾರರ ಸಂಘದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಕಳೆದ ಮಾರ್ಚ್ ತಿಂಗಳ ಎರಡನೇ ಮಂಗಳವಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಅಂದು ಬೆಳಿಗ್ಗೆ ಹತ್ತು ಗಂಟೆಗೆ ಗುಮಾಸ್ತ ಮಂಟೇಸ್ವಾಮಿ ತನ್ನ ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಸರಿಸಿದ.

ಕಾರಣ, ನೆತ್ತಿಯ ಮೇಲಿನ ಟ್ಯೂಬ್‌ಲೈಟು. ಅದು ಜೀರುಂಡೆಯ ಹಾಗೆ ಜೀಂಗುಡುತ್ತಿತ್ತು. ಫ್ಯಾನು ಮುದಿ ಎತ್ತಿನ ಮಂಡಿಯ ಹಾಗೆ ಲಟಕ್ ಲಟಕ್ ಅನ್ನುತ್ತಿತ್ತು. ಕೌಂಟರಿನಾಚೆ ನೂಲಿಗೆ ಬಂದ ಮೂವತ್ತು ಜನ ಒಟ್ಟಿಗೇ ಮಾತಾಡುತ್ತಿದ್ದರು. ಉಳಿದವರಿಗೆ ಇದು ಆಫೀಸು. ಮಂಟೇಸ್ವಾಮಿಗೆ ಮಾತ್ರ ಯಾರೋ ಕಿವಿಯೊಳಗೆ ತಗಡು ಎಳೆದುಕೊಂಡು ಹೋದಂತೆ.

ಇದಕ್ಕೊಂದು ಹೆಸರಿದೆಯೆಂದು ಅವನಿಗೆ ತಿಳಿದದ್ದು ಮೂರು ತಿಂಗಳ ಹಿಂದೆ, ನಲವತ್ತೇಳನೇ ವಯಸ್ಸಿನಲ್ಲಿ. ತಲೆನೋವೆಂದು ಮೈಸೂರಿಗೆ ಹೋದವನನ್ನು ಡಾಕ್ಟರು ಮೂರು ಸಲ ಕರೆಸಿಕೊಂಡು, ಬಾಲ್ಯದಿಂದ ಕೆದಕಿ, ಕೊನೆಗೆ ಆಟಿಸಂ ಎಂದರು. ಹುಟ್ಟಿನಿಂದಲೇ ಬಂದದ್ದು, ಸದ್ದು, ಬೆಳಕು, ವಾಸನೆ, ಸ್ಪರ್ಶ ಎಲ್ಲವೂ ನಿಮಗೆ ಉಳಿದವರಿಗಿಂತ ಜೋರಾಗಿ ತಾಗುತ್ತವೆ ಎಂದರು. ಅವನ ಹುಟ್ಟೂರು ಮುಳ್ಳೂರಿನಲ್ಲಿ ಅಲ್ಲಿಯವರೆಗೆ ಅದನ್ನು ಕೊಬ್ಬು ಎಂದು ಕರೆಯುತ್ತಿದ್ದರು.

ಕುರ್ಚಿ ಸರಿದದ್ದನ್ನು ಕಂಡು ಕಾರ್ಯದರ್ಶಿ ಸದಾಶಿವಪ್ಪನವರು ಎದ್ದು ಬಂದರು.

"ಏನ್ರೀ ಇದು? ಕೌಂಟ್ರೊಂದು ತಾಲ್ಲೂಕು, ನೀವೊಂದು ತಾಲ್ಲೂಕು?"

ಮಂಟೇಸ್ವಾಮಿ ಮೈಸೂರಿನ ವರದಿ ತೋರಿಸಿ, ಹಿಂದಿನ ಒಳಕೋಣೆಯನ್ನು ಕೇಳಿದ. ಹಳೇ ಕಾಗದಗಳ ಕೋಣೆ. ಒಂದು ಕಿಟಕಿ, ಆಚೆ ಒಂದು ಬೇವಿನ ಮರ. ಫ್ಯಾನಿಲ್ಲ, ಟ್ಯೂಬ್‌ಲೈಟಿಲ್ಲ, ಜನರಿಲ್ಲ. ಅಲ್ಲಿ ಕೂತರೆ ಮನೆಗೆ ಹೋದಮೇಲೂ ಮನುಷ್ಯನಾಗಿ ಉಳಿದಿರಬಹುದೆಂದು ಅವನ ಲೆಕ್ಕ.

"ನಾಲ್ಕು ಪುಟ ಇಂಗ್ಲಿಷು, ಒಂದು ಸೀಲಿಲ್ಲ," ಎಂದರು ಸದಾಶಿವಪ್ಪ. "ಕಲ್ಯಾಣ ಮಂಟಪದಲ್ಲಿ ಇವತ್ತು ಅಂಗವಿಕಲರ ಸರ್ಟಿಫಿಕೇಟ್ ಕ್ಯಾಂಪ್ ನಡೀತಾ ಇದೆ. ಸೀಲ್ ಹಾಕಿಸ್ಕೊಂಡು ಬನ್ನಿ, ಸಂಜೆಗೇ ಕುರ್ಚಿ ಒಳಕ್ಕೆ ಹಾಕಿಸ್ತೀನಿ. ಸಿಗಲಿಲ್ವೋ, ರಿಟೈರ್ ಆಗೋತನಕ ಇದೇ ಜಾಗ. ಆಮೇಲೆ ನನ್ನ ಕೇಳ್ಬೇಡಿ."

ಜೊತೆಗೆ ಅಟೆಂಡರ್ ಪುಟ್ಟಸಿದ್ದಯ್ಯನನ್ನೂ ಕಳಿಸಿದರು. ದಾರಿಯಲ್ಲೇ ಅವನ ಉಪದೇಶ ಶುರುವಾಯಿತು.

"ಇವೆಲ್ಲ ಮನಸಿಂದು ಕಣಿ ಸಾ. ನಾ ಉಟ್ಟಿದ್ದೇ ರೈಸ್‌ಮಿಲ್ ಪಕ್ಕದಲ್ಲಿ. ಮಿಲ್ಲು ನಿಂತ್ರೇ ನಂಗ ಎಚ್ಚರಾಗೋದು. ಸದ್ದು ಅಂದ್ರ ನಂಗ ಜೋಗುಳ!"

ಮಂಟಪಕ್ಕೆ ತಗಡಿನ ಚಾವಣಿ. ಬಾಗಿಲಲ್ಲಿ ಜನರೇಟರು, ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು. ಹನೂರು, ಯಳಂದೂರು ಕಡೆಯವರೆಲ್ಲ ಬೆಳಿಗ್ಗೆಯೇ ಬಂದು ಕೂತಿದ್ದರು. ಫಿನಾಯಿಲು, ಮಲ್ಲಿಗೆ, ಪುಳಿಯೋಗರೆ ಮೂರೂ ಒಂದೇ ಮೂಗಿಗೆ ನುಗ್ಗುತ್ತಿದ್ದವು. ಟೋಕನ್ ಸಿಕ್ಕಿದ್ದು ಅರವತ್ತಮೂರು. ಮುಖ್ಯ ಅತಿಥಿಗಳು ಹನೂರು ಬಿಟ್ಟಿದ್ದಾರೆಂದು ಮೈಕು ಹತ್ತು ನಿಮಿಷಕ್ಕೊಮ್ಮೆ ಕಿರುಚುತ್ತಿತ್ತು. ಅವರು ಬರುವ ತನಕ ಡಾಕ್ಟರು ಯಾರನ್ನೂ ನೋಡುವಂತಿಲ್ಲ, ವೇದಿಕೆಯ ಮೇಲೆ ಶೋಭಿಸಬೇಕು.

ಮಂಟೇಸ್ವಾಮಿ ಕನ್ನಡಕ ತೆಗೆದು ಜೇಬಿಗಿಟ್ಟು, ಕೈಕಟ್ಟಿ ಕೂತ. ಅವನು ಕಲಿತ ವಿದ್ಯೆ ಅದೊಂದೇ: ಒಳಗೆ ಮನೆ ಹೊತ್ತಿ ಉರಿಯುತ್ತಿದ್ದರೂ ಹೊರಗೆ ಬಾಗಿಲಿಗೆ ರಂಗೋಲಿ ಬಿಟ್ಟಿರುವುದು. ಒಂದನೇ ಕ್ಲಾಸಿನಲ್ಲಿ ಮೇಷ್ಟರ ಬೆತ್ತ ಅದನ್ನು ಕಲಿಸಿತ್ತು.

ಪಕ್ಕದ ಕುರ್ಚಿಯಲ್ಲಿ ಅಜ್ಜೀಪುರದ ಮಾದೇವಮ್ಮ, ಮಂಡಿನೋವಿಗೆ ಬಂದ ಮುದುಕಿ.

"ಏನಪ್ಪ ಮಗ, ನೋಡಾಕ ಗುಂಡ್ಕಲ್ಲಂಗಿದ್ದಯ್. ನಿಂಗೇನಾಗದ?"

"ಸದ್ದು ಆಗಲ್ಲ, ಅಜ್ಜಿ."

"ಆಂ?"

"ಸದ್ದು ಆಗಲ್ಲ ಅಜ್ಜೀ!"

"ಸದ್ದಾಗದವ್ನು ಇಂಗ್ಯಾಕಪ್ಪ ಕೂಗಾಡಿಯೆ!" ಎಂದವಳು ಮರುಗಳಿಗೆಯಲ್ಲೇ ಕರಗಿ, ಮಂಡಿಗೆ ಹಚ್ಚಿಕೊಳ್ಳುತ್ತಿದ್ದ ನೋವಿನೆಣ್ಣೆಯ ಕೈಯಿಂದ ಅವನ ಹಣೆಯನ್ನೂ ಕತ್ತನ್ನೂ ಚೆನ್ನಾಗಿ ತಿಕ್ಕಿದಳು. ಮಂಟೇಸ್ವಾಮಿ ಒಳಗೆ ಒಂದು ಸಲ ಸತ್ತು ಹುಟ್ಟಿದ. ಹೊರಗೆ, "ಒಳ್ಳೇದಾಯ್ತು ಅಜ್ಜಿ," ಎಂದ.

ಪುಟ್ಟಸಿದ್ದಯ್ಯ ಕಿವಿಯ ಹತ್ತಿರ ಬಗ್ಗಿದ. "ಸಾ, ಇಂಗ ದೇವ್ರಂಗ ಕುಂತ್ರ ಯಾವ ಸೀಲೂ ಸಿಕ್ಕಲ್ಲ. ಡಾಕ್ಟ್ರು ಮ್ಯಾಲಿಂದ ನೋಡ್ತಾವ್ರ. ವಸಿ ಕಿರುಚಿ. ಕುರ್ಚಿನಾರ ಎತ್ತಿ ಎಸೀರಿ."

"ಆಗಲ್ಲ ಕಣಯ್ಯಾ. ಅಭ್ಯಾಸ ಇಲ್ಲ."

ಎರಡೂವರೆಗೆ ಅತಿಥಿಗಳು ತಮಟೆಯೊಂದಿಗೆ ಬಂದರು. ಹಾರ ಬಿತ್ತು, ಶಾಲು ಬಿತ್ತು. ಇಂಥವರ ಮೂಕವೇದನೆಗೆ ನಾವು ಕಿವಿಗೊಡಬೇಕೆಂದು ಅವರು ಮೈಕನ್ನು ಬಾಯಿಗೆ ಒತ್ತಿಕೊಂಡು ಮುಕ್ಕಾಲು ಗಂಟೆ ಗುಡುಗಿದರು. ಹಸಿದ ಹೊಟ್ಟೆಗಳ ಮೇಲೆ ಸ್ಪೀಕರು ಒಮ್ಮೆ ಕುಂಯ್ಯೆಂದು ಊಳಿಟ್ಟಿತು. ಎರಡನೇ ಸಲ ಊಳಿಟ್ಟಾಗ ರೈಸ್‌ಮಿಲ್ಲಿನ ಕೂಸು ಎರಡೂ ಕಿವಿ ಮುಚ್ಚಿಕೊಂಡು ಎದ್ದು ನಿಂತಿತು.

"ನಿಲ್ಸುರ್ಲಾ ಅದ! ನನ್ ತಲ ಸಿಡೀತಾ ಅದ ಕಣ್ಲಾ!"

ಪುಟ್ಟಸಿದ್ದಯ್ಯ ನುಗ್ಗಿ ಹೋಗಿ ಸ್ಪೀಕರಿನ ವೈರು ಕಿತ್ತ, ಎರಡು ಕುರ್ಚಿ ಉರುಳಿಸಿದ, ಮೂರನೆಯದರ ಮೇಲೆ ತಾನೇ ಕುಸಿದ. ನಾಲ್ಕು ಜನ ಅವನನ್ನು ಎತ್ತಿಕೊಂಡು ಡಾಕ್ಟರ ಕೋಣೆಗೆ ಓಡಿದರು.

ಅದಾದ ಎರಡು ತಾಸಿನ ಮೇಲೆ ಅರವತ್ತಮೂರನೇ ಟೋಕನ್ ಕೂಗಿದರು. ಡಾಕ್ಟರು ವರದಿಯನ್ನು ಕೊನೆಯವರೆಗೂ ಓದಿದರು. ಒಳ್ಳೆಯ ಮನುಷ್ಯರು, ಅದೇ ಕಷ್ಟ.

"ಮಂಟೇಸ್ವಾಮಿಯವರೇ, ನಾನು ಬೆಳಿಗ್ಗೆಯಿಂದ ನಿಮ್ಮನ್ನೇ ನೋಡ್ತಾ ಇದ್ದೆ. ನಿಮ್ಮ ಜೊತೆಯವರು ಬಿದ್ದುಹೋದ್ರು. ನನಗೇ ತಲೆ ಸಿಡೀತಿದೆ. ನೀವು ಅಲುಗಾಡಲಿಲ್ಲ. ಇದನ್ನ ಕಣ್ಣಾರೆ ನೋಡಿ, ಸದ್ದು ತಡೆಯೋಕಾಗಲ್ಲ ಅಂತ ಹೆಂಗೆ ಬರೀಲಿ?"

"ಒಳಗೆ ಬೇರೆ ಇರುತ್ತೆ ಸಾರ್."

"ಇರಬಹುದು. ನಾನು ಸೀಲ್ ಹಾಕೋದು ಕಂಡಿದ್ದಕ್ಕೆ."

ಮಂಟೇಸ್ವಾಮಿಗೆ ಆಗ ನಿಜಕ್ಕೂ ಕಿರುಚಬೇಕೆನಿಸಿತು. ಬಾಯಿಯನ್ನೂ ತೆರೆದ. ಹಿಂದೆ ಅರವತ್ತನಾಲ್ಕನೇ ಟೋಕನ್ನಿನ ಮಾದೇವಮ್ಮ ಮಂಡಿ ಹಿಡಿದುಕೊಂಡು ನಿಂತಿದ್ದಳು. ಅವನು ಬಾಯಿ ಮುಚ್ಚಿ, ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಅವಳ ಕಡೆಗಿಟ್ಟು, "ಥ್ಯಾಂಕ್ಸ್ ಸಾರ್," ಎಂದು ಹೊರಗೆ ಬಂದ.

ಹೊರಗೆ ಬೆಂಚಿನ ಮೇಲೆ ಪುಟ್ಟಸಿದ್ದಯ್ಯ ಎಳನೀರು ಕುಡಿಯುತ್ತಿದ್ದ. ಕೈಯಲ್ಲೊಂದು ಚೀಟಿ. ಬಿ.ಪಿ. ವಿಪರೀತ ಏರಿದೆ, ಎರಡು ತಿಂಗಳು ಗದ್ದಲವಿಲ್ಲದ ಕಡೆ ಕೂರಿಸತಕ್ಕದ್ದು ಎಂದು ಬರೆದಿತ್ತು. ಕೆಳಗೆ ದುಂಡಗೆ, ನೀಲಿ ಬಣ್ಣದಲ್ಲಿ, ಸೀಲಿತ್ತು.

"ಏನೋ ಬರ್ಕೊಟ್ರು ಸಾ," ಎಂದ ನಾಚಿಕೊಂಡು. "ನಾ ಬ್ಯಾಡ ಅಂದಿ."

ಸದಾಶಿವಪ್ಪನವರಿಗೆ ಬಿ.ಪಿ. ಗೊತ್ತು; ಅವರ ಮನೆಯಲ್ಲೇ ಮೂವರಿಗಿದೆ. ಚೀಟಿ ನೋಡಿದ ಕೂಡಲೇ ಒಳಕೋಣೆ ಗುಡಿಸಿ ಕುರ್ಚಿ ಹಾಕಿಸಿದರು. ಬುಧವಾರ ಇಡೀ ದಿನ ಪುಟ್ಟಸಿದ್ದಯ್ಯ ಅಲ್ಲಿ ಕೂತು ಬೇವಿನ ಮರ ನೋಡಿದ. ಬಿಕೋ ಅಂತದ, ಜೀವ ಹಿಡಿದಂಗಾಗ್ತದ ಎಂದು ಸಂಜೆ ಸದಾಶಿವಪ್ಪನವರಲ್ಲಿ ಹೋಗಿ ಹೇಳಿಕೊಂಡ.

ಗುರುವಾರ ಆ ಕೋಣೆಗೆ ಒಂದು ರೇಡಿಯೋ ಕೊಡಿಸಲಾಯಿತು.