ರಕ್ತಪಿಶಾಚಿಯ ಮೈಬಣ್ಣ

ನಿರ್ದೇಶಕರು ಬರುವ ತನಕ ಬಾಯಿ ತೆರೆಯಬಾರದು ಎಂದು ಹೆಂಡತಿ ಹೇಳಿದ್ದೇ ಗುಮಾಸ್ತನಿಗೆ ಮುಳುವಾಯಿತು.

ಆಕೆ ಮದುಮಕ್ಕಳಿಗೆ ಮೇಕಪ್ ಮಾಡಿ ಹೆಸರಾದವಳು. ಈಗ ಮೊದಲ ಸಲ ಸಿನಿಮಾದವರು ಕೇಳಿದ್ದರು. ರಕ್ತಪಿಶಾಚಿಯ ಮುಖವೊಂದನ್ನು ಮಾಡಿ ತೋರಿಸಿದರೆ ಇಡೀ ಚಿತ್ರದ ಕೆಲಸ ಅವಳದೇ. ತೋರಿಸಲು ಮುಖ ಬೇಕಲ್ಲ? ಮನೆಯಲ್ಲಿದ್ದದ್ದು ಗಂಡನದೊಂದೇ, ಟೊಮೇಟೊದಂಥ ಕೆನ್ನೆಯ ದುಂಡು ಮುಖ.

ಬೆಳಗಾಗುತ್ತಲೇ ಅವನನ್ನು ಕಿಟಕಿಯ ಬಳಿ ಕೂರಿಸಿದಳು. ಗೋಡೆಗೆ ಸುಣ್ಣ ಹೊಡೆದಂತೆ ಬಿಳಿ ಬಳಿಯುವವಳಲ್ಲ ಅವಳು. ಮೊದಲು ಕೆಂಪನ್ನು ಅಡಗಿಸಲು ತೆಳುವಾಗಿ ಹಸಿರು, ಅದರ ಮೇಲೆ ಬೂದಿ ಬೆರೆತ ಬಿಳಿ. ಕಣ್ಣಿನ ಸುತ್ತ ನೇರಳೆ ನೆರಳು, ಕೆನ್ನೆಯಲ್ಲಿ ಹಳ್ಳ, ಕಣತಲೆಯ ಮೇಲೆ ಕೂದಲೆಳೆಯಂಥ ಕುಂಚದಿಂದ ಎಳೆದ ನೀಲಿ ನರ. ಕೊನೆಗೆ ತಾನೇ ಅಚ್ಚು ತೆಗೆದು ಮಾಡಿದ ಎರಡು ಕೋರೆಹಲ್ಲು ಅಂಟಿಸಿದಳು.

"ಅಂಟು ಒಣಗಬೇಕು. ಮಾತಾಡಿದ್ರೆ ಹಲ್ಲು ಉದುರತ್ತೆ. ಇನ್ನೊಂದು ಜೊತೆ ಇಲ್ಲ ರೀ."

ಗುಮಾಸ್ತ ಕನ್ನಡಿ ನೋಡಿದ. ಮುನ್ನೂರು ವರ್ಷ ಬಿಸಿಲು ಕಾಣದ ಯಾರೋ ತನ್ನ ಅಂಗಿ ಹಾಕಿಕೊಂಡು ಕೂತಿದ್ದ. ಹೆಮ್ಮೆಯಿಂದ ಎದೆ ಉಬ್ಬಿತು. ಪ್ರಾಣ ಹೋದರೂ ಬಾಯಿ ಬಿಡುವುದಿಲ್ಲ ಎಂದುಕೊಂಡು, ನಿರ್ದೇಶಕರಿಗೆ ಮನೆ ತೋರಿಸಲು ಗೇಟಿಗೆ ಇಳಿದ.

ಗೇಟಿನ ಬಳಿ ಕೆಳಮನೆಯ ನಿವೃತ್ತ ಕಾಂಪೌಂಡರ್ ಪೇಪರ್ ಓದುತ್ತಿದ್ದರು. ತಲೆ ಎತ್ತಿದವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಏನಯ್ಯಾ ಇದು, ಮೈಯಲ್ಲಿ ಒಂದು ತೊಟ್ಟು ರಕ್ತ ಇಲ್ವಲ್ಲ?"

ಗುಮಾಸ್ತ ತುಟಿ ಬಿಗಿದು, ಏನಿಲ್ಲವೆಂದು ಕೈಯಾಡಿಸಿದ.

"ಮಾತೂ ನಿಂತುಹೋಗಿದೆ," ಎಂದರು ಕಾಂಪೌಂಡರ್.

ಹೆಂಡತಿಯನ್ನು ಕೇಳಿ ಎನ್ನಲು ಅವನು ಮಹಡಿಯತ್ತ ಬೆರಳು ತೋರಿಸಿದ.

"ಮೇಲೆ ಹೋಗ್ತೀನಿ ಅಂತಿದಾನೆ, ಪಾಪ," ಎಂದು ಆಗಷ್ಟೇ ಬಂದ ಪಕ್ಕದ ಮನೆಯ ಅಕ್ಕ ಕಣ್ಣೊರೆಸಿಕೊಂಡಳು.

"ಹಾಗೆಲ್ಲ ಕಳಿಸೋಕಾಗತ್ತಾ? ನಡೀರಿ ಆಸ್ಪತ್ರೆಗೆ," ಎಂದರು ಕಾಂಪೌಂಡರ್.

ಎದುರುಮನೆಯವನು ಕಾರು ತೆಗೆದ. ಗುಮಾಸ್ತ ಕೊಸರಾಡಿದಷ್ಟೂ, ಜ್ವರ ತಲೆಗೇರಿದೆ ಎಂದು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಆಸ್ಪತ್ರೆಯ ನರ್ಸ್ ಅವನ ರೆಪ್ಪೆ ಎಳೆದು ನೋಡಿದಳು, ಉಗುರು ಒತ್ತಿ ನೋಡಿದಳು. "ಉಗುರು ಗುಲಾಬಿ ಥರ ಇದೆ, ನಾಡಿ ಕುದುರೆ ಥರ ಓಡ್ತಿದೆ. ಮುಖ ಮಾತ್ರ ಹೆಣದ್ದು. ಬಾಯಿ ತೆಗೀರಿ."

ತೆಗೆಯಲಿಲ್ಲ. ಅವಳು ಮೂಗು ಹಿಡಿದಳು. ಉಸಿರು ಕಟ್ಟಿ ಬಾಯಿ ತೆರೆದಾಗ ಒಂದು ಕೋರೆಹಲ್ಲು ಅವಳ ತಟ್ಟೆಗೆ ಟಣ್ಣನೆ ಬಿತ್ತು.

ನರ್ಸ್ ಹತ್ತಿ ಅದ್ದಿ ಕೆನ್ನೆ ಒರೆಸಿದಳು. ಒಳಗಿಂದ ಟೊಮೇಟೊ ಇಣುಕಿತು. ಅವಳು ಕಣತಲೆಯ ನೀಲಿ ಗೆರೆಯನ್ನೇ ತುಂಬ ಹೊತ್ತು ನೋಡಿದಳು. "ಇಷ್ಟು ವರ್ಷ ಸೂಜಿ ಹಾಕಿದೀನಿ. ಇದು ನಿಜವಾದ ನರ ಅಂತಲೇ ಅಂದ್ಕೊಂಡೆ. ಯಾರ ಕೈಕೆಲಸ ಇದು?"

"ನನ್ನ ಹೆಂಡ್ತೀದು," ಎಂದ ಗುಮಾಸ್ತ ಅಭಿಮಾನದಿಂದ. ಎರಡನೇ ಹಲ್ಲೂ ಬಿತ್ತು.

ಅವಳು ನಗುತ್ತ ಮುಖವನ್ನೆಲ್ಲ ಒರೆಸಿ, ಪರದೆ ಸರಿಸಿದಳು. ಆಚೆಯ ಮಂಚಗಳಲ್ಲಿ ಪಕ್ಕದ ಮನೆಯ ಅಕ್ಕ, ಎದುರುಮನೆಯವನು ಇಬ್ಬರೂ ತೋಳು ಚಾಚಿ ಅವನಿಗಾಗಿ ರಕ್ತ ಕೊಡುತ್ತಿದ್ದರು.

"ಅವರು ನಿನಗೋಸ್ಕರ ಮಲಗಿದಾರೆ," ಎಂದರು ಅವರ ಪಕ್ಕ ನಿಂತಿದ್ದ ಕಾಂಪೌಂಡರ್. "ನೀನು ನೋಡಿದ್ರೆ ಗುಂಡುಕಲ್ಲಿನ ಹಾಗಿದೀಯ."

ಗುಮಾಸ್ತ ತಾನೂ ರಕ್ತ ಕೊಡಲು ಮೂರನೇ ಮಂಚ ಏರಿದ. ಸೂಜಿ ನೋಡಿಯೇ ಅರ್ಧ ಜೀವ ಹೋಯಿತು. ಉಳಿದರ್ಧ ನಿಧಾನವಾಗಿ ಚೀಲಕ್ಕಿಳಿಯಿತು.

ಸುದ್ದಿ ತಿಳಿದು ಹೆಂಡತಿ ಓಡಿಬಂದಾಗ ಜೊತೆಗೆ ನಿರ್ದೇಶಕರೂ ಇದ್ದರು. ಅವರು ಮಂಚದ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಗುಮಾಸ್ತನ ಮುಖವನ್ನು ಹತ್ತಿರದಿಂದ ನೋಡಿದರು.

"ಇಂಥ ಬಿಳುಪನ್ನ ಎಲ್ಲೂ ಕಂಡಿರಲಿಲ್ಲ," ಎಂದರು ಮೆಲ್ಲಗೆ. "ಬಣ್ಣ ಹಚ್ಚಿದ್ದೇ ಗೊತ್ತಾಗ್ತಿಲ್ಲ. ಏನು ಕೈ ಅಮ್ಮಾ ನಿಮ್ಮದು. ಕೆಲಸ ನಿಮಗೇ."

ಹೆಂಡತಿ ಗಂಡನ ಮುಖ ನೋಡಿದಳು. ಅವಳು ಹಚ್ಚಿದ್ದು ಅಲ್ಲಿ ಎಳ್ಳಷ್ಟೂ ಉಳಿದಿರಲಿಲ್ಲ.

"ನಾಳೆ ನಮ್ಮ ಹೀರೋಗೂ ಇದೇ ಬಣ್ಣ ಬರಬೇಕು. ಹೋಲಿಸಿ ನೋಡೋಕೆ ಇವರು ಪಕ್ಕದಲ್ಲೇ ಇರಲಿ, ಹೀಗೇ, ಒಂದಿಷ್ಟೂ ಬದಲಾಗಬಾರದು," ಎಂದು ಹೇಳಿ ನಿರ್ದೇಶಕರು ಹೊರಟರು.

ಹೆಂಡತಿ ಗಂಡನ ಹಣೆ ಸವರಿದಳು. ಅವನ ಕೆನ್ನೆಯಲ್ಲಿ ಆಗಲೇ ಕೆಂಪು ಮೂಡುತ್ತಿತ್ತು. ಅವಳು ವಿನಯದಿಂದ ನರ್ಸ್ ಕಡೆ ತಿರುಗಿದಳು.

"ಸಿಸ್ಟರ್, ನಾಳೆ ಬೆಳಿಗ್ಗೆ ಇನ್ನೊಂದು ಸ್ವಲ್ಪ ತಗೊಳ್ಳೋಕಾಗತ್ತಾ?"